ಇಂದಿನ ಧಮ್ಮ ಚಿಂತನೆ: ಸೆರೆಮನೆಯಾದ ಶಾಲೆ

ಭಾನುವಾರದ ವಂದನೆ ಮುಗಿದ ಮೇಲೆ ಹಲವರು ಕೇಳಿದಿರಿ, "ಮೇಷ್ಟ್ರೇ, ಕಾಂಬೋಡಿಯಾಕ್ಕೆ ಹೋಗಿ ಬಂದಿರಂತೆ, ಅಂಗ್ಕೋರ್ ಫೋಟೋ ಹಾಕಿ" ಅಂತ. ಅಂಗ್ಕೋರ್‌ಗೆ ನಾವು ಹೋಗಲೇ ಇಲ್ಲ. ರಜೆಯೂ ದುಡ್ಡೂ ಅಷ್ಟಕ್ಕಷ್ಟೇ. ಭೀಮ ಜಯಂತಿ ಮುಗಿಸಿಕೊಂಡು ನಾನೂ ನನ್ನ ಅಕ್ಕನ ಮಗನೂ ಬೆನ್ನಿಗೊಂದೊಂದು ಚೀಲ ಹಾಕಿಕೊಂಡು, ರಾಜಧಾನಿ ನೋಮ್ ಪೆನ್‌ನಲ್ಲಿ ಐದು ದಿನ ಇದ್ದು ಬಂದೆವು, ಅಷ್ಟೆ. ಬಂದ ಮೇಲೆ ಮೂರು ತಿಂಗಳು ಏನೂ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಅನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ. ಇವತ್ತಿನ ಚಿಂತನೆ ಸ್ವಲ್ಪ ಉದ್ದವಾಯಿತು, ಸಹಿಸಿಕೊಳ್ಳಿ.

ಊರು ಚೆನ್ನಾಗಿದೆ. ಟೊನ್ಲೆ ಸಾಪ್ ನದಿ ಮೆಕಾಂಗ್ ನದಿಯನ್ನು ಕೂಡುವ ಜಾಗ ಅದು. ಬೆಳಿಗ್ಗೆ ಭಿಕ್ಖುಗಳು ಬರಿಗಾಲಲ್ಲಿ ಪಿಂಡಪಾತಕ್ಕೆ ಹೊರಡುತ್ತಾರೆ. ಅಂಗಡಿಯ ಹೆಂಗಸರು ಚಪ್ಪಲಿ ಬಿಟ್ಟು ಬಂದು, ಪಾತ್ರೆಗೆ ಅನ್ನ ಹಾಕಿ, ಅಲ್ಲೇ ರಸ್ತೆ ಬದಿಯಲ್ಲಿ ಕೂತು ಕೈ ಮುಗಿಯುತ್ತಾರೆ. ಹುಡುಕಿ ಹುಡುಕಿ ಬುದ್ಧನನ್ನು ಕಂಡುಕೊಂಡ ನಮ್ಮಂಥವರಿಗೆ ಅದನ್ನು ನೋಡಿದರೆ ಕಣ್ಣು ತುಂಬುತ್ತದೆ. ಇಲ್ಲಿ ಯಾರೂ "ನೀವು ಯಾವ ಜನ" ಎಂದು ಕೇಳುವುದಿಲ್ಲ ಅಂತ ನನ್ನ ಅಳಿಯ ಹಿಗ್ಗಿದ. ಅಷ್ಟರಲ್ಲಿ ಒಬ್ಬ ಟುಕ್‌ಟುಕ್ ಡ್ರೈವರ್ ಬಂದು ಕಾರ್ಡು ತೋರಿಸಿದ. ಅರಮನೆ, ಮಾರ್ಕೆಟ್ಟು, ಕಿಲ್ಲಿಂಗ್ ಫೀಲ್ಡ್ಸ್. ನಮ್ಮ ಮೆಜೆಸ್ಟಿಕ್‌ನಲ್ಲಿ "ಜಯನಗರ, ಜಯನಗರ" ಎಂದು ಕೂಗಿದ ಹಾಗೆ, ಜನರನ್ನು ಕೊಂದ ಗದ್ದೆಯ ಹೆಸರನ್ನು ಕೂಗುತ್ತಾರೆ. ಅವರನ್ನು ಬೈಯುವ ಹಾಗಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ಬರುವ ನಾವು ಕೇಳುವುದೂ ಅದನ್ನೇ ತಾನೆ.

ಕಿರಿಯರಿಗಾಗಿ ಇತಿಹಾಸ ಎರಡು ಮಾತಿನಲ್ಲಿ. 1975ರ ಏಪ್ರಿಲ್ 17ರಂದು ಪೋಲ್ ಪಾಟ್‌ನ ಖಮೇರ್ ರೂಜ್ ಸೈನಿಕರು ಈ ನಗರಕ್ಕೆ ನುಗ್ಗಿದರು. ಯುದ್ಧ ಮುಗಿಯಿತೆಂದು ಜನ ಮೊದಲು ಸಂತೋಷಪಟ್ಟರು. ಅವತ್ತೇ ಊರು ಬಿಡಿ ಎಂದು ಆಜ್ಞೆಯಾಯಿತು. ಆಸ್ಪತ್ರೆಯ ಮಂಚದ ಮೇಲಿದ್ದವರನ್ನೂ ಬಿಡಲಿಲ್ಲ. ಸುಮಾರು 20 ಲಕ್ಷ ಜನರಿದ್ದ ನಗರ ಕೆಲವೇ ದಿನಗಳಲ್ಲಿ ಖಾಲಿಯಾಯಿತು. ದುಡ್ಡು ರದ್ದು, ಸಂತೆ ರದ್ದು, ಶಾಲೆ ರದ್ದು, ವಿಹಾರ ರದ್ದು. ಭಿಕ್ಖುಗಳ ಚೀವರ ಬಿಚ್ಚಿಸಿ ಗದ್ದೆಗೆ ಅಟ್ಟಿದರು, ಒಪ್ಪದವರನ್ನು ಕೊಂದರು. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಬಂದು ಅವರನ್ನು ಓಡಿಸುವವರೆಗೆ ಇದು ನಡೆಯಿತು. ಹಸಿವು, ರೋಗ, ದುಡಿತ, ಕೊಲೆ ಎಲ್ಲ ಸೇರಿ ಸತ್ತವರು 15 ರಿಂದ 20 ಲಕ್ಷ. ಇಡೀ ದೇಶದ ಜನಸಂಖ್ಯೆ ಇದ್ದದ್ದೇ 80 ಲಕ್ಷದ ಹತ್ತಿರ.

ನಗರದ ನಡುವೆ ತುವೊಲ್ ಸ್ಲೆಂಗ್ ಎಂಬ ಜಾಗವಿದೆ. ಅದು ಒಂದು ಹೈಸ್ಕೂಲು. ಮೂರು ಅಂತಸ್ತಿನ ಕಟ್ಟಡಗಳು, ಉದ್ದನೆಯ ಜಗಲಿ, ಮಧ್ಯೆ ಮೈದಾನ, ನೆಲಕ್ಕೆ ಹಳದಿ ಬಿಳಿ ಚೌಕದ ಹಾಸು. ಇಪ್ಪತ್ತು ವರ್ಷ ಇಂಥ ಜಗಲಿಗಳಲ್ಲೇ ಓಡಾಡಿದವನು ನಾನು. ಗೇಟು ದಾಟಿದ ಕೂಡಲೇ ಕಾಲು ತಾನಾಗಿಯೇ ಸ್ಟಾಫ್ ರೂಮು ಎಲ್ಲಿರಬಹುದು ಎಂದು ಹುಡುಕುತ್ತಿತ್ತು. ಆ ಶಾಲೆಯನ್ನು ಖಮೇರ್ ರೂಜ್ ಎಸ್-21 ಎಂಬ ಗುಪ್ತ ಸೆರೆಮನೆ ಮಾಡಿಕೊಂಡಿತು. ತರಗತಿ ಕೋಣೆಯೊಳಗೆ ಇಟ್ಟಿಗೆ ಗೋಡೆ ಎಬ್ಬಿಸಿ, ಮನುಷ್ಯ ಕಾಲು ಚಾಚಿ ಮಲಗಲೂ ಕಷ್ಟವಾಗುವಂಥ ಗೂಡುಗಳನ್ನು ಕಟ್ಟಿದರು. ಜಗಲಿಗೆ ಮುಳ್ಳುತಂತಿ ಬಿಗಿದರು. ಒಳಗಿದ್ದವರು ಮೇಲಿಂದ ಹಾರಿ ಸಾಯಬಾರದು ಅಂತ! ಮಕ್ಕಳು ವ್ಯಾಯಾಮ ಮಾಡುತ್ತಿದ್ದ ಮರದ ಕಂಬಕ್ಕೆ ಕೈದಿಗಳನ್ನು ತಲೆಕೆಳಗಾಗಿ ಕಟ್ಟಿದರು. ಕನಿಷ್ಠ 14,000 ಜನ ಇಲ್ಲಿಗೆ ಬಂದರು. ಬದುಕಿ ಹೊರಬಂದವರನ್ನು ಕೈಬೆರಳಲ್ಲಿ ಎಣಿಸಬಹುದು. ವಾನ್ ನಾಥ್ ಚಿತ್ರ ಬರೆಯಬಲ್ಲವನಾದ್ದರಿಂದ ಉಳಿದ, ಚುಮ್ ಮೇ ಯಂತ್ರ ರಿಪೇರಿ ಬಲ್ಲವನಾದ್ದರಿಂದ ಉಳಿದ.

ಬಂದವರಿಗೆಲ್ಲ ಫೋಟೋ ತೆಗೆದಿದ್ದಾರೆ. ಆ ಫೋಟೋಗಳನ್ನು ಕೋಣೆಗಳ ತುಂಬ ಸಾಲಾಗಿ ಇಟ್ಟಿದ್ದಾರೆ. ಎಂಟನೇ ತರಗತಿಯ ಹಾಜರಿಯಲ್ಲಿ ಇರಬಹುದಾದ ಮುಖಗಳೂ ಇವೆ. ಒಬ್ಬ ಹುಡುಗನ ಅಂಗಿಯ ಕಾಲರ್ ಒಂದು ಬದಿಗೆ ಮಡಿಸಿಕೊಂಡಿತ್ತು. ಸರಿ ಮಾಡೋಣ ಅನ್ನಿಸಿತು.

ಆದರೆ ನನ್ನನ್ನು ಅಲ್ಲಾಡಿಸಿದ್ದು ಬೇರೆ ಸಂಗತಿ. ಈ ಸೆರೆಮನೆಯ ಮುಖ್ಯಸ್ಥ ಡುಚ್ ಮೊದಲು ಗಣಿತದ ಮೇಷ್ಟ್ರು. ಅವನ ಮೇಲಧಿಕಾರಿ ಸೋನ್ ಸೆನ್ ಮೇಷ್ಟ್ರು. ಪೋಲ್ ಪಾಟ್ ಸ್ವತಃ ಇದೇ ನೋಮ್ ಪೆನ್‌ನ ಖಾಸಗಿ ಶಾಲೆಯಲ್ಲಿ ಫ್ರೆಂಚ್ ಸಾಹಿತ್ಯ, ಇತಿಹಾಸ ಹೇಳಿಕೊಡುತ್ತಿದ್ದವನು. ಮೆಲುದನಿ, ನಗುಮುಖ, ಮಕ್ಕಳಿಗೆ ಪ್ರಿಯನಾದ ಸಾಹಿತ್ಯದ ಮೇಷ್ಟ್ರು ಎಂದು ಅವನ ವಿದ್ಯಾರ್ಥಿಗಳೇ ನೆನೆದಿದ್ದಾರೆ. ಚಿತ್ರಹಿಂಸೆ ಕೊಟ್ಟು ಬರೆಸಿಕೊಂಡ ತಪ್ಪೊಪ್ಪಿಗೆಗಳನ್ನು ಡುಚ್ ಕೂತು ಓದಿ, ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಿದ್ದ. ನಾವು ಪರೀಕ್ಷೆಯ ಪೇಪರು ತಿದ್ದುವ ಹಾಗೇ. ಸಾಹಿತ್ಯ ಓದಿದವರ ಮನಸ್ಸು ಮೆತ್ತಗಾಗುತ್ತದೆ ಎಂದು ನಾನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನು ಮುಂದೆ ಹೇಳುವಾಗ ನಾಲಿಗೆ ತಡೆಯುತ್ತದೆ.

ಮಾರನೇ ದಿನ ನಗರದಿಂದ ಹದಿನೈದು ಕಿಲೋಮೀಟರ್ ದೂರದ ಚುಂಗ್ ಎಕ್‌ಗೆ ಹೊರಟೆವು. ಎಸ್-21ರ ಜನರನ್ನು ರಾತ್ರಿ ಹೊತ್ತು ಲಾರಿಯಲ್ಲಿ ಒಯ್ದು ಕೊಂದದ್ದು ಅಲ್ಲಿ. ಟುಕ್‌ಟುಕ್‌ನಲ್ಲಿ ಅಳಿಯ ಕೇಳಿದ, "ಮಾವ, ಇವರೂ ಶುರು ಮಾಡಿದ್ದು ಸಮಾನತೆ ಅಂತಾನೇ ಅಲ್ವಾ? ಬಡವರು, ಹಳ್ಳಿಯವರು, ತುಳಿಸಿಕೊಂಡವರು ಎದ್ದು ನಿಂತರು. ಆಮೇಲೆ ಹಾದಿ ತಪ್ಪಿರಬಹುದು. ಆದರೆ ಸಿಟ್ಟು ಸುಳ್ಳಾ?"

ಸುಳ್ಳಲ್ಲ. ಅವನಿಗೂ ಹಾಗೇ ಹೇಳಿದೆ. ಸಾಲದಲ್ಲಿ ಮುಳುಗಿದ ರೈತನ ಸಿಟ್ಟು ನಿಜ. 1969ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಅವನ ಗದ್ದೆ ಮೇಲೆ ಬಾಂಬ್ ಸುರಿದದ್ದೂ ನಿಜ. ಆದರೆ ಆ ಸಿಟ್ಟಿನ ಮೇಲೆ ಇವರು ಏನು ಕಟ್ಟಿದರು ನೋಡಿ. ಮೊದಲಿಂದ ತಮ್ಮ ಕೈಯಲ್ಲಿದ್ದ ಹಳ್ಳಿಯವರು "ಹಳೆ ಜನ". ನಗರದಿಂದ ಓಡಿಸಿಕೊಂಡು ಬಂದವರು "ಹೊಸ ಜನ", ಅವರಿಗೆ "ಏಪ್ರಿಲ್ 17ರ ಜನ" ಅಂತಲೂ ಹೆಸರು. ಹೊಸಬರಿಗೆ ಅನ್ನ ಕಮ್ಮಿ, ಕೆಲಸ ಜಾಸ್ತಿ, ಸಾವು ಅಗ್ಗ. ಪ್ರತಿಯೊಬ್ಬರೂ ತಮ್ಮ ಜೀವನಚರಿತ್ರೆ ಹೇಳಬೇಕು: ನಿನ್ನ ಅಪ್ಪ ಏನು ಮಾಡುತ್ತಿದ್ದ, ನಿನ್ನ ತಾತನಿಗೆ ಎಷ್ಟು ಜಮೀನಿತ್ತು. ಮೇಷ್ಟ್ರು, ಡಾಕ್ಟರು ತಾವು ಓದಿದವರೆಂಬುದನ್ನೇ ಬಚ್ಚಿಟ್ಟು ಬದುಕಿದರು. ಬಂಧುಗಳೇ, ಹುಟ್ಟು ಕೇಳಿ ತಟ್ಟೆಗೆ ಎಷ್ಟು ಅನ್ನ ಹಾಕಬೇಕೆಂದು ತೀರ್ಮಾನಿಸುವುದಕ್ಕೆ ನಮ್ಮಲ್ಲಿ ಏನೆನ್ನುತ್ತಾರೆ? ಜಾತಿಯಿಲ್ಲದ ದೇಶದಲ್ಲಿ ಮೂರು ವರ್ಷ ಎಂಟು ತಿಂಗಳಲ್ಲಿ, ಸಮಾನತೆಯ ಹೆಸರಿನಲ್ಲೇ, ಜಾತಿ ಹುಟ್ಟಿತು.

1956ರ ನವೆಂಬರ್ 20ರಂದು ಬಾಬಾಸಾಹೇಬರು ಕಠ್ಮಂಡುವಿನ ವಿಶ್ವ ಬೌದ್ಧ ಸಮ್ಮೇಳನದಲ್ಲಿ ಬುದ್ಧ ಮತ್ತು ಮಾರ್ಕ್ಸ್ ಬಗ್ಗೆ ಮಾತಾಡಿದ್ದು ನಿಮಗೆ ಗೊತ್ತು. ಪರಿನಿಬ್ಬಾಣಕ್ಕೆ ಬರೀ 16 ದಿನ ಬಾಕಿಯಿತ್ತು, ದೇಹ ಸೋತಿತ್ತು. ಶೋಷಣೆ ಹೋಗಬೇಕೆಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ, ಭೇದವಿರುವುದು ದಾರಿಯಲ್ಲಿ, ಬಲದಿಂದ ತಂದ ಸಮಾನತೆ ಬಲ ಹೋದ ಮೇಲೆ ನಿಲ್ಲುತ್ತದೆಯೇ ಎಂಬುದು ಅವರ ಪ್ರಶ್ನೆಯ ಸಾರ. ಅದನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಕೇಳಿದವರಲ್ಲಿ ಬೌದ್ಧ ದೇಶಗಳ ಪ್ರತಿನಿಧಿಗಳೇ ತುಂಬಿದ್ದರು ಎಂಬುದು ಮಾತ್ರ ಆ ಟುಕ್‌ಟುಕ್‌ನಲ್ಲಿ ಕೂತಾಗ ಮೊದಲ ಸಲ ನನಗೆ ತಾಗಿತು. 19 ವರ್ಷದ ನಂತರ ನೋಮ್ ಪೆನ್ ಬಿತ್ತು.

ಚುಂಗ್ ಎಕ್‌ನಲ್ಲಿ ಈಗ ಎತ್ತರದ ಸ್ತೂಪವಿದೆ. ನಾವು ಕಂಡ ಸ್ತೂಪಗಳಲ್ಲಿ ಬುದ್ಧಧಾತು ಇರುತ್ತದೆ. ಇದರ ಗಾಜಿನೊಳಗೆ ಗುಂಡಿಗಳಿಂದ ಎತ್ತಿದ ತಲೆಬುರುಡೆಗಳಿವೆ. ಮಳೆ ಬಂದಾಗ ಇವತ್ತಿಗೂ ನೆಲದಿಂದ ಬಟ್ಟೆ ಚೂರು, ಎಲುಬು ಮೇಲೆ ಬರುತ್ತವೆ. ಅಲ್ಲೊಂದು ಮರವಿದೆ. ಹಸುಗೂಸುಗಳ ಕಾಲು ಹಿಡಿದು ಆ ಮರಕ್ಕೆ ಬಡಿದರು. ಇದಕ್ಕಿಂತ ಹೆಚ್ಚು ಬರೆಯಲಾರೆ. ಬಂದವರು ಕೈಗೆ ಕಟ್ಟಿದ್ದ ಬಣ್ಣದ ದಾರ, ಬಳೆ ಬಿಚ್ಚಿ ಆ ಮರಕ್ಕೆ ಸಿಕ್ಕಿಸಿ ಹೋಗುತ್ತಾರೆ. ಮಕ್ಕಳನ್ನು ಯಾಕೆ ಕೊಂದರು ಅಂದರೆ, ಹುಲ್ಲು ಕೀಳುವಾಗ ಬೇರು ಸಮೇತ ಕೀಳಬೇಕು ಎಂಬುದು ಅವರ ಮಾತು. ಅಪ್ಪನನ್ನು ಕೊಂದ ಮೇಲೆ ಮಗ ದೊಡ್ಡವನಾಗಿ ಸೇಡು ತೀರಿಸಬಾರದಲ್ಲ.

ಸ್ತೂಪದ ಮುಂದೆ ಊದುಬತ್ತಿ, ಬಿಳಿ ಹೂವು ಇಟ್ಟಿರುತ್ತಾರೆ. ಅಳಿಯ ಒಂದು ಊದುಬತ್ತಿ ಹಚ್ಚಿದ. ಏನು ಹೇಳಬೇಕು ಮಾವ ಎಂದ. ತಿಸರಣ ಹೇಳಿದೆವು. ಪಕ್ಕದಲ್ಲಿದ್ದ ಖಮೇರ್ ಅಜ್ಜಿಯೊಬ್ಬರು ನಮ್ಮ ಪಾಲಿ ಕೇಳಿ ತಿರುಗಿ ನೋಡಿ, ತಾವೂ ದನಿ ಸೇರಿಸಿದರು. ಉಚ್ಚಾರ ಬೇರೆ, ಮಾತು ಒಂದೇ.

ಇಲ್ಲಿ ನಮಗೊಂದು ಕಷ್ಟದ ಪ್ರಶ್ನೆಯಿದೆ. ಕೊಂದವರಲ್ಲಿ ಬಹುಪಾಲು ಜನ ಹುಟ್ಟಿನಿಂದ ಬೌದ್ಧರು. ಪೋಲ್ ಪಾಟ್ ಬಾಲ್ಯದಲ್ಲಿ ನೋಮ್ ಪೆನ್‌ನ ವಾಟ್ ಬೊಟುಮ್ ವಿಹಾರದಲ್ಲಿ ಕೆಲವು ತಿಂಗಳು ಸಾಮಣೇರನಾಗಿದ್ದ. ಅವನೂ ಪಂಚಶೀಲ ಹೇಳಿದ್ದವನೇ. ಬೌದ್ಧರಾದೆವು, ಇನ್ನು ನಮ್ಮ ಮನಸ್ಸು ತನ್ನಷ್ಟಕ್ಕೆ ಶುದ್ಧ ಎಂದು ನಾವು ಯಾರೂ ಕೂರುವ ಹಾಗಿಲ್ಲ.

ಅದೇ ದೇಶದಲ್ಲೇ ಮಹಾ ಘೋಸಾನಂದ ಭಂತೇಜಿಯೂ ಹುಟ್ಟಿದರು. ಬಾಬಾಸಾಹೇಬರು ದೀಕ್ಷೆ ಪಡೆದ ದಶಕದಲ್ಲೇ ಭಾರತಕ್ಕೆ ಬಂದು ನಾಲಂದಾದಲ್ಲಿ ಓದಿದವರು. ನರಮೇಧದ ವರ್ಷಗಳಲ್ಲಿ ಥಾಯ್ಲೆಂಡಿನಲ್ಲಿದ್ದರು. ಅವರ ಮನೆಯವರೆಲ್ಲ ತೀರಿಹೋದರು. ನಿರಾಶ್ರಿತರು ಗಡಿ ದಾಟಿ ಬಂದಾಗ ಅವರು ಶಿಬಿರಕ್ಕೆ ಹೋದರು. ವರ್ಷಗಳಿಂದ ಚೀವರವನ್ನೇ ಕಾಣದಿದ್ದ ಜನ. ವೈರದ ಬಗೆಗಿನ ಆ ಗಾಥೆ, ಧಮ್ಮಪದದ ಯಮಕವಗ್ಗದ ಐದನೆಯದು, ನಮ್ಮ ಮಕ್ಕಳಿಗೂ ಬಾಯಿಪಾಠವಿರುವುದು, ಅದನ್ನು ಅವರು ಹೇಳತೊಡಗಿದರು. ಸೇರಿದ್ದ ಸಾವಿರಾರು ಜನ ತಾವೂ ಹೇಳುತ್ತಾ ಅತ್ತರು. 1992ರಲ್ಲಿ ಗಡಿಯಿಂದ ನೋಮ್ ಪೆನ್‌ವರೆಗೆ, ನೆಲಬಾಂಬು ಹೂತಿದ್ದ ಸೀಮೆಯ ನಡುವೆ, ಧಮ್ಮಯಾತ್ರೆ ನಡೆಸಿದರು. 1994ರ ಯಾತ್ರೆಯಲ್ಲಿ ಗುಂಡಿನ ಚಕಮಕಿಗೆ ಸಿಕ್ಕಿ ಒಬ್ಬ ಭಿಕ್ಖು, ಒಬ್ಬ ಸಾಧ್ವಿ ಸತ್ತರು. ಯಾತ್ರೆ ನಿಲ್ಲಿಸಲಿಲ್ಲ.

ಮೈತ್ರಿ ಅಂದರೆ ಮರೆತುಬಿಡುವುದು ಎಂದು ಯಾರೂ ತಿಳಿಯಬೇಡಿ. ಕಂಬಾಲಪಲ್ಲಿಯಲ್ಲಿ 2000ರ ಮಾರ್ಚ್ 11ರಂದು ನಮ್ಮ ಏಳು ಜನರನ್ನು ಸುಟ್ಟರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಅದನ್ನು ಮರೆಯಿರಿ ಎಂದು ಧಮ್ಮ ಹೇಳುವುದಿಲ್ಲ. ಕಾಂಬೋಡಿಯಾದವರೂ ಮರೆಯಲಿಲ್ಲ. ಡುಚ್‌ನನ್ನು ವಿಶ್ವಸಂಸ್ಥೆಯ ನೆರವಿನ ನ್ಯಾಯಾಲಯದಲ್ಲಿ ನಿಲ್ಲಿಸಿದರು, ವಾನ್ ನಾಥ್ ಮತ್ತು ಚುಮ್ ಮೇ ಅವನೆದುರೇ ಸಾಕ್ಷಿ ಹೇಳಿದರು, 2012ರಲ್ಲಿ ಜೀವಾವಧಿ ಖಾಯಂ ಆಯಿತು. ತಪ್ಪು ಮಾಡಿದವನಿಗೆ ಶಿಕ್ಷೆ. ಅವನ ಮಕ್ಕಳಿಗಲ್ಲ.

ನಾನು ಮೂರು ತಿಂಗಳು ಬರೆಯದೆ ಇದ್ದದ್ದು ಈ ಕೊನೆಯ ಮಾತಿಗೆ. ಹೋದ ವರ್ಷ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ತಾತನ ಹೋಟೆಲಿನಲ್ಲಿ ನನ್ನ ಅಪ್ಪನಿಗೆ ಲೋಟ ಬೇರೆ ಇತ್ತು. ಕುಡಿದು, ತೊಳೆದು, ಸೂರಿಗೆ ಸಿಕ್ಕಿಸಿ ಬರಬೇಕಿತ್ತು. ಹಾಜರಿಯಲ್ಲಿ ಆ ಮನೆತನದ ಹೆಸರು ಓದಿದ ದಿನದಿಂದ ನಾನು ಆ ಹುಡುಗನಿಗೆ ಮೇಷ್ಟ್ರಾಗಿರಲಿಲ್ಲ. ಸಣ್ಣ ತಪ್ಪಿಗೂ ನಿಲ್ಲಿಸುತ್ತಿದ್ದೆ. ಅವನ ಪೇಪರು ಬಂದಾಗ ಕೆಂಪು ಪೆನ್ನು ತಾನಾಗಿಯೇ ಒತ್ತಿ ಬರೆಯುತ್ತಿತ್ತು. ಒಂದು ಮಾರ್ಕು, ಅರ್ಧ ಮಾರ್ಕು. ಯಾರಿಗೂ ಗೊತ್ತಾಗುವಂಥದ್ದಲ್ಲ. ಅವನಿಗೆ ಗೊತ್ತಿತ್ತು, ಅದು ಅವನು ನನ್ನನ್ನು ನೋಡುವ ರೀತಿಯಲ್ಲೇ ಕಾಣುತ್ತಿತ್ತು. ಆ ಮರದ ಕೆಳಗೆ ನಿಂತಾಗ ನೆನಪಾದದ್ದು ಆ ನೋಟ.

ಜೂನ್‌ನಲ್ಲಿ ಶಾಲೆ ಶುರುವಾದ ವಾರ ಅವನನ್ನು ಜಗಲಿಗೆ ಕರೆದು, "ಹೋದ ವರ್ಷ ನಿನ್ನ ಪೇಪರು ಸರಿಯಾಗಿ ತಿದ್ದಲಿಲ್ಲ ಕಣಪ್ಪ, ತಪ್ಪು ನನ್ನದು" ಎಂದೆ. ಅವನು ಏನೂ ಹೇಳಲಿಲ್ಲ, ತಲೆ ತಗ್ಗಿಸಿಕೊಂಡು ಹೋದ. ಈಗ ಹತ್ತನೇ ತರಗತಿ. ಮೊದಲ ಕಿರುಪರೀಕ್ಷೆಯಾಗಿದೆ. ಪ್ರಬಂಧ ಚೆನ್ನಾಗಿ ಬರೆಯುತ್ತಾನೆ. ಹೋದ ವರ್ಷವೂ ಚೆನ್ನಾಗೇ ಬರೆಯುತ್ತಿದ್ದ.

ನಮೋ ಬುದ್ಧಾಯ. ಜೈ ಭೀಮ್. 🙏