ವಿದ್ಯಾರ್ಥಿಯ ಕಾಯಕಶುದ್ಧಿ

ಆಯ್ದಕ್ಕಿ ಮಾರಯ್ಯನವರ ಕಾಯಕವು ಕಲ್ಯಾಣದ ಶರಣರ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದಾಗಿತ್ತು. ಒಂದು ದಿನ ಅವರು ನಿತ್ಯದ ಪ್ರಮಾಣಕ್ಕಿಂತ ಹೆಚ್ಚಿನ ಅಕ್ಕಿಯನ್ನು ಮನೆಗೆ ತಂದರೆಂದೂ, ಸತಿ ಲಕ್ಕಮ್ಮನವರು ಅದನ್ನು ಕಂಡೊಡನೆಯೇ ಇದು ತಮ್ಮ ಪಾಲಿನದಲ್ಲವೆಂದರಿತು, ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದರೆಂದೂ ಪರಂಪರೆಯು ಹೇಳುತ್ತದೆ. ಈ ಕಥೆಯನ್ನು ಕೇಳದ ಭಕ್ತರ ಮನೆ ವಿರಳ. ಆದರೆ ಇದರಲ್ಲಿ ನಿಂತು ನೋಡತಕ್ಕ ಅಂಶವೊಂದುಂಟು. ಮಾರಯ್ಯನವರು ಯಾರ ಕಣಜಕ್ಕೂ ಕನ್ನ ಹಾಕಿದವರಲ್ಲ. ಅಕ್ಕಿಯು ಅಂಗಳದಲ್ಲಿಯೇ ಬಿದ್ದಿತ್ತು. ಆಯಬೇಡವೆಂದು ತಡೆದವರೂ ಇರಲಿಲ್ಲ. ಹೀಗಿದ್ದೂ ಲಕ್ಕಮ್ಮನವರು ಒಪ್ಪಲಿಲ್ಲ. ಸುಲಭವಾಗಿ ದೊರೆಯಿತೆಂಬ ಮಾತ್ರಕ್ಕೆ ವಸ್ತುವು ತನ್ನದಾಗದು, ಅದರ ಹಿಂದೆ ತನ್ನ ದುಡಿಮೆಯ ಅಳತೆಯಿರಬೇಕೆಂಬುದು ಆ ತಾಯಿಯ ನಿಲುವು.

ಇಂದು ಕಾಲೇಜಿಗೆ ಹೋಗುವ ಮಕ್ಕಳ ಅಂಗಳದಲ್ಲಿಯೂ ಅಕ್ಕಿ ಚೆಲ್ಲಿದೆ, ಅದೂ ರಾಶಿರಾಶಿಯಾಗಿ. ಬೇಕಾದ ವಿಷಯವೆಲ್ಲ ಮೊಬೈಲಿನಲ್ಲಿದೆ. ಸಿದ್ಧ ಪ್ರಾಜೆಕ್ಟ್ ವರದಿಯನ್ನು ಹಣಕ್ಕೆ ಮಾಡಿಕೊಡುವವರಿದ್ದಾರೆ. ಹೆಸರು ಮತ್ತು ನೋಂದಣಿಯ ಸಂಖ್ಯೆಯನ್ನು ಬದಲಿಸಿ ಬೈಂಡ್ ಮಾಡಿಸಿದರೆ ಮುಗಿಯಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬುದು ಹೊರಬಂದ ಮೇಲಂತೂ ಕೇಳಿದ ಪ್ರಶ್ನೆಗೆ ಕ್ಷಣದಲ್ಲಿ ಪ್ರಬಂಧವನ್ನೇ ಹೆಣೆದು ಕೊಡುವ ಯಂತ್ರವು ಕೈಗೆಟುಕಿದೆ. ತಂದೆಯಾದವನು ಬಿಸಿಲಿನಲ್ಲಿ ಬೆಂದು ಹಣವನ್ನು ಕಳುಹುತ್ತಾನೆ. ಆ ಹಣದ ಒಂದು ಭಾಗದಿಂದ ಮಗನು ಇನ್ನೊಬ್ಬನ ವಿದ್ಯೆಯನ್ನು ಕೊಂಡು ತನ್ನದೆಂದು ಒಪ್ಪಿಸುತ್ತಾನೆ. ಅಂಕಗಳು ಬರುತ್ತವೆ, ವಿದ್ಯೆಯು ಬರುವುದಿಲ್ಲ.

ಇದಕ್ಕೆ ಕಾನೂನು ಇಲ್ಲವೆ ಎಂದರೆ ಇದೆ. ವಿಶ್ವವಿದ್ಯಾಲಯಗಳ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯುವ ನಿಯಮಾವಳಿಯನ್ನು ಹೊರಡಿಸಿತು. ಅದರಂತೆ ಮಹಾಪ್ರಬಂಧದಲ್ಲಿ ಪರಕೃತಿಯೊಡನೆ ನೂರಕ್ಕೆ 10ರವರೆಗೆ ಸಾಮ್ಯವಿದ್ದರೆ ದಂಡನೆಯಿಲ್ಲ. 10ರಿಂದ 40ರವರೆಗಾದರೆ 6 ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. 40ರಿಂದ 60ರವರೆಗಾದರೆ ಒಂದು ವರ್ಷ ತಿದ್ದುಪಡಿಯನ್ನೂ ಒಪ್ಪಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಸರ್ವಸಾಮಾನ್ಯವಾದ ತಿಳಿವಳಿಕೆಯ ಮಾತುಗಳು ಅಥವಾ ಆಕಸ್ಮಿಕವಾಗಿ ಹೊಂದಿಕೆಯಾದ ಪದಗಳು ಒಟ್ಟಿಗೆ 14ರವರೆಗೆ ಬಂದರೆ ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಲನ್ನು ಎಣಿಸಿ ತೂಗುವ ಈ ವ್ಯವಸ್ಥೆಯು ಬೇಡವೆನ್ನಲಾಗದು. ಬೇಲಿಯಿಲ್ಲದ ಹೊಲ ದನಗಳ ಪಾಲು. ಆದರೆ ಬೇಲಿಯು ಎಲ್ಲಿಯವರೆಗೆ ಎಂಬುದನ್ನೂ ನೋಡಬೇಕು. ಇದೇ ನಿಯಮಾವಳಿಯು ತರಗತಿಯ ನಿಯೋಜಿತ ಬರಹ, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆ ಮೊದಲಾದುವನ್ನು ತನ್ನ ವ್ಯಾಪ್ತಿಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಎಂದರೆ ಪಿಎಚ್.ಡಿ. ಪದವಿಗೆ ಬರುವ ಹೊತ್ತಿಗೆ ಕಾನೂನು ಎದುರು ನಿಲ್ಲುತ್ತದೆ. ಆ ಅಭ್ಯಾಸವು ಬೇರೂರುವ ಬಿ.ಎ., ಬಿ.ಕಾಂ. ತರಗತಿಗಳಲ್ಲಿ ಈ ಕಾನೂನು ಇಲ್ಲ. ಅಲ್ಲಿ ಉಳಿಯುವವರು ಕಾಲೇಜು, ಅಧ್ಯಾಪಕ, ಮತ್ತು ಮನೆಯ ಲಕ್ಕಮ್ಮ.

ಹಾಗಾದರೆ ಹಿಂದಿನವರು ಹೇಳಿದುದನ್ನು ಮುಟ್ಟಲೇ ಬಾರದೆ ಎಂಬ ಶಂಕೆ ಹುಟ್ಟಬಹುದು. ಹಾಗಲ್ಲ. ಹಿಂದಿನವರ ಮಾತನ್ನು ತೆಗೆದುಕೊಳ್ಳದೆ ಯಾವ ಶಾಸ್ತ್ರವೂ ಒಂದು ಹೆಜ್ಜೆ ಮುಂದೆ ಹೋಗದು. ತೆಗೆದುಕೊಂಡುದನ್ನು ತೆಗೆದುಕೊಂಡೆನೆಂದು ಹೇಳಬೇಕಾದುದಷ್ಟೆ. ಶರಣರ ಅಂಕಿತಗಳನ್ನು ನೋಡಿರಿ. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರು, ಗುಹೇಶ್ವರ ಎಂದೊಡನೆ ಅಲ್ಲಮಪ್ರಭುಗಳು ಎಂದು ನಾವು ಅರಿಯುತ್ತೇವೆ. ನುಡಿದವರು ಆ ನುಡಿಗೆ ಹೊಣೆಯಾಗಿ ನಿಂತಿದ್ದಾರೆ. ಮಾರಯ್ಯನವರ ಅಂಕಿತವು ಅಮರೇಶ್ವರಲಿಂಗ. ಲಕ್ಕಮ್ಮನವರ ಅಂಕಿತವು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಪತಿಯ ಇಷ್ಟದೈವದ ಹೆಸರನ್ನು ತಾವೂ ಬಳಸಿದರು, ಆದರೆ ಆ ಹೆಸರು ಯಾರ ಮೂಲಕ ಬಂದಿತೆಂಬುದನ್ನು ಅಂಕಿತದಲ್ಲಿಯೇ ಇರಿಸಿದರು. ಹಾಗೆ ಇರಿಸಿದುದರಿಂದ ಅವರ ನುಡಿಯು ಕಿರಿದಾಗಲಿಲ್ಲ, ಪತಿಯನ್ನೇ ತಿದ್ದುವಷ್ಟು ಬಲವುಳ್ಳದ್ದಾಯಿತು. ವಿಶ್ವವಿದ್ಯಾಲಯದವರು ಅಡಿಟಿಪ್ಪಣಿ ಎನ್ನುವುದನ್ನು ಹೊಸ ಹೊರೆಯೆಂದು ತಿಳಿಯುವ ವಿದ್ಯಾರ್ಥಿಗೆ ಇದನ್ನು ತೋರಿಸಬೇಕು. ಅಂಕಿತವು ಕದಡಿದರೆ ಎಷ್ಟು ಕಷ್ಟವೆಂಬುದು ಓಲೆಗರಿಗಳನ್ನು ಶೋಧಿಸಿ ವಚನಗಳನ್ನು ಅಚ್ಚಿಗೆ ತಂದ ಫ. ಗು. ಹಳಕಟ್ಟಿಯವರಂಥ ವಿದ್ವಾಂಸರ ಪರಂಪರೆಗೆ ಚೆನ್ನಾಗಿ ಗೊತ್ತು.

ಇನ್ನು ಪರೀಕ್ಷೆಯ ಮಾತು. ತಪ್ಪೆಲ್ಲವನ್ನೂ ಹುಡುಗರ ತಲೆಗೆ ಕಟ್ಟುವುದು ನ್ಯಾಯವಲ್ಲ. ವರ್ಷವರ್ಷವೂ ಅದೇ ಪ್ರಶ್ನೆಗಳನ್ನು ತಿರುಗಿಸಿ ಕೇಳಿ, ಪುಟಗಳನ್ನು ಎಣಿಸಿ ಅಂಕಗಳನ್ನು ಹಾಕಿದರೆ, ಗೈಡನ್ನು ಉರುಹೊಡೆದವನೂ ನಕಲು ಮಾಡಿದವನೂ ಒಂದೇ ಫಲವನ್ನು ಪಡೆಯುತ್ತಾರೆ. ಅರಿತವನಿಗೆ ಅದರಲ್ಲಿ ವಿಶೇಷವೇನೂ ದೊರೆಯದು. ಹಿಂದೆ ಮಿಥಿಲೆಯ ವಿದ್ಯಾಪೀಠಗಳಲ್ಲಿ ಶಲಾಕಾಪರೀಕ್ಷೆ ಎಂಬುದು ನಡೆಯುತ್ತಿತ್ತು. ಗ್ರಂಥದ ಗರಿಗಳ ನಡುವೆ ಕಡ್ಡಿಯೊಂದನ್ನು ತೂರಿಸುವರು. ಅದು ತಾಗಿದ ಗರಿಯಲ್ಲಿರುವ ವಿಷಯವನ್ನು ವಿದ್ಯಾರ್ಥಿಯು ವಿವರಿಸಬೇಕು. ಯಾವ ಗರಿಯೆಂದು ಮೊದಲೇ ತಿಳಿಯದುದರಿಂದ ಇಡೀ ಗ್ರಂಥವನ್ನು ಅರಿಯದೆ ಅಲ್ಲಿ ಗತಿಯಿರಲಿಲ್ಲ. ಶೂನ್ಯಸಂಪಾದನೆಯಲ್ಲಿ ಬರುವ ಪರೀಕ್ಷೆಯು ಇನ್ನೂ ಗಹನವಾದುದು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯವರನ್ನು ಪ್ರಭುದೇವರು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಒರೆಗೆ ಹಚ್ಚುತ್ತಾರೆ. ಪ್ರತಿ ಉತ್ತರದ ಬೆನ್ನಿಗೂ ಆ ಉತ್ತರದಿಂದಲೇ ಹುಟ್ಟಿದ ಇನ್ನೊಂದು ಪ್ರಶ್ನೆ. ಅಲ್ಲಿ ಎರವಲು ತಂದ ಉತ್ತರವು ಎರಡನೆಯ ಮೆಟ್ಟಿಲನ್ನೂ ಏರಲಾರದು. ಆ ಕಾಠಿಣ್ಯದ ಉದ್ದೇಶವು ಅಕ್ಕನವರನ್ನು ಹೊರಗೆ ಹಾಕುವುದಲ್ಲ, ಅವರ ನಿಲವನ್ನು ಸಭೆಯ ಮುಂದೆ ಬೆಳಗಿಸುವುದು. ಪರೀಕ್ಷಿಸುವವನ ಮನಸ್ಸು ಹೀಗಿರಬೇಕು.

ಅರುವತ್ತು ಎಂಬತ್ತು ಮಕ್ಕಳ ತರಗತಿಯಲ್ಲಿ ಇದು ಸಾಧ್ಯವೆ ಎಂದು ಅಧ್ಯಾಪಕರು ಕೇಳಬಹುದು. ಪೂರ್ಣವಾಗಿ ಸಾಧ್ಯವಿಲ್ಲ. ಆದರೆ ಒಪ್ಪಿಸಿದ ಬರಹವನ್ನು ಮುಂದಿಟ್ಟುಕೊಂಡು ಐದು ನಿಮಿಷ ಮಾತನಾಡಿಸಿದರೂ ಸಾಕು; ಬರೆದವನು ಯಾರೆಂಬುದು ಮೂರನೆಯ ಪ್ರಶ್ನೆಗೆ ತಿಳಿದುಹೋಗುತ್ತದೆ. ಸಹಕಾರ ಸಂಘಗಳ ಮೇಲೆ ಎಂದು ಕೇಳುವ ಬದಲು ನಿನ್ನ ಊರಿನ ಸಹಕಾರ ಸಂಘವು ಈ ವರ್ಷ ಯಾರಿಗೆ ಸಾಲ ಕೊಟ್ಟಿತು, ಹೇಗೆ ವಸೂಲಾಯಿತು ಎಂದು ಕೇಳಿದರೆ ಆ ಉತ್ತರವು ಯಾವ ಅಂಗಡಿಯಲ್ಲಿಯೂ ಸಿದ್ಧವಾಗಿ ಸಿಕ್ಕದು. ಕೊನೆಯಲ್ಲಿ ಒಂದೇ ದೊಡ್ಡ ಪರೀಕ್ಷೆಯನ್ನು ಹೇರುವುದಕ್ಕಿಂತ ನಡುನಡುವೆ ಚಿಕ್ಕ ಬರಹಗಳನ್ನು ಬರೆಯಿಸಿ, ತಿದ್ದಿ, ತಪ್ಪು ಯಾವುದೆಂದು ಹೇಳಿ ಹಿಂದಿರುಗಿಸುವುದು ಮೇಲು. ತಪ್ಪನ್ನು ತೋರಿಸದೆ ಬರಿಯ ಅಂಕವನ್ನು ಬರೆದು ಕೊಡುವುದು, ವೈದ್ಯನು ರೋಗದ ಹೆಸರನ್ನು ಹೇಳಿ ಔಷಧವನ್ನು ಕೊಡದೆ ಕಳುಹಿದಂತೆ.

ಯಂತ್ರವನ್ನು ಯಂತ್ರದಿಂದಲೇ ಹಿಡಿಯಬಹುದೆಂಬ ಭ್ರಮೆಯೂ ಬೇಡ. ಚಾಟ್‌ಜಿಪಿಟಿಯನ್ನು ರಚಿಸಿದ ಸಂಸ್ಥೆಯೇ ಯಂತ್ರಲಿಖಿತವನ್ನು ಗುರುತಿಸುವ ಸಾಧನವೊಂದನ್ನು ಹೊರತಂದು, ಅದರ ನಿಖರತೆ ಕಡಿಮೆಯೆಂಬ ಕಾರಣದಿಂದ 2023ರ ಜುಲೈಯಲ್ಲಿ ಹಿಂದೆಗೆದುಕೊಂಡಿತು. ಯಂತ್ರವೊಂದು ಹೇಳಿತೆಂದು ಪ್ರಾಮಾಣಿಕಳಾದ ಹುಡುಗಿಯೊಬ್ಬಳನ್ನು ಕಳ್ಳಿಯೆಂದರೆ ಆ ಪಾಪವನ್ನು ಹೊರುವವರು ಯಾರು?

ಇನ್ನೊಂದು ಮಾತನ್ನು ಹೇಳಲೇಬೇಕು. ನಕಲು ಮಾಡುವವರೆಲ್ಲರೂ ಸೋಮಾರಿಗಳಲ್ಲ. ಹನ್ನೆರಡು ವರ್ಷ ಕನ್ನಡದಲ್ಲಿ ಓದಿದ ಹಳ್ಳಿಯ ಹುಡುಗನು ಇಂಗ್ಲಿಷಿನಲ್ಲಿ ನಡೆಯುವ ತರಗತಿಗೆ ಬಂದು ಕುಳಿತಾಗ, ತಾನು ಬಲ್ಲುದನ್ನು ಹೇಳಲು ಮಾತಿಲ್ಲದೆ ಬೆದರುತ್ತಾನೆ. ಆ ಬೆದರಿಕೆಯೇ ಅವನ ಕೈಯನ್ನು ಪಕ್ಕದವನ ಹಾಳೆಯ ಕಡೆಗೆ ಎಳೆಯುತ್ತದೆ. ಅವನಿಗೆ ದಂಡನೆಯೊಂದೇ ಮದ್ದಲ್ಲ. ಮೊದಲು ಕನ್ನಡದಲ್ಲಿ ಬರೆದು ತಾ, ಆಮೇಲೆ ಕೂಡಿ ಇಂಗ್ಲಿಷಿಗೆ ತರೋಣವೆನ್ನುವ ಗುರುವು ಸಿಕ್ಕರೆ ಅವನು ಉಳಿಯುತ್ತಾನೆ. ಜನರಾಡುವ ಕನ್ನಡದಲ್ಲಿಯೇ ಪರತತ್ತ್ವವನ್ನು ನುಡಿದ ಶರಣರ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯವರ ಪಾಲೂ ಉಂಟು. ರಜೆಗೆ ಬಂದ ಮಗನನ್ನು ಎಷ್ಟು ಅಂಕಗಳು ಬಂದುವೆಂದು ಕೇಳುವುದು ರೂಢಿ. ನೆರೆಮನೆಯವನ ಅಂಕದೊಡನೆ ತೂಗುವುದು ಅದಕ್ಕಿಂತ ದೊಡ್ಡ ರೂಢಿ. ಅಂಕವು ಕಡಿಮೆಯಾದರೆ ಮನೆಯ ಮಾನವು ಹೋಯಿತೆಂದು ದಿನವೂ ಕೇಳಿದ ಮಗುವು, ಹೇಗಾದರೂ ಸರಿ ಅಂಕವನ್ನು ತರುವುದನ್ನೇ ಪಿತೃಭಕ್ತಿಯೆಂದು ತಿಳಿದರೆ ಆಶ್ಚರ್ಯವೇನು? ಸಂಜೆ ಪೂಜೆ ಮುಗಿದು ಪ್ರಸಾದಕ್ಕೆ ಕುಳಿತಾಗ, ಅವನು ಒಪ್ಪಿಸಿದ ಪ್ರಾಜೆಕ್ಟಿನಲ್ಲಿ ಏನಿದೆ, ಅದಕ್ಕಾಗಿ ಎಲ್ಲೆಲ್ಲಿ ಹೋಗಿದ್ದ, ಯಾರನ್ನು ಕೇಳಿದ ಎಂದು ತಂದೆ ವಿಚಾರಿಸಲಿ. ತಂದೆಗೆ ಅಕ್ಷರ ಬಾರದಿದ್ದರೂ ಅಡ್ಡಿಯಿಲ್ಲ. ಸ್ವತಃ ಬರೆದ ಮಗನು ಊಟವನ್ನು ಮರೆತು ಹೇಳತೊಡಗುತ್ತಾನೆ. ಕೊಂಡು ತಂದವನು ತಟ್ಟೆಯನ್ನು ನೋಡುತ್ತ ಕುಳಿತಿರುತ್ತಾನೆ.