ಅಂಬಿಗನ ಕ್ಷಣ, ಅವ್ವನ ಕ್ಷಣ

ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ವನ್ನು ನಾನು ಮೊದಲು ಓದಿದ್ದು ಎಂ.ಟೆಕ್. ಹಾಸ್ಟೆಲಿನಲ್ಲಿ. ಎರಡನೆಯ ಸಲ ಓದಿದ್ದು ಕಳೆದ ಮಳೆಗಾಲದಲ್ಲಿ, ನೆರೂಳಿನ ನಮ್ಮ ಮನೆಯಲ್ಲಿ, ಅವ್ವ ಮಲಗಿದ ಮೇಲೆ. ಪುಸ್ತಕ ಅದೇ, ಪೆನ್ಸಿಲಿನಲ್ಲಿ ಗೆರೆ ಎಳೆದ ಸಾಲುಗಳೂ ಅವೇ. ಆದರೆ ಗೆರೆ ಎಳೆದ ಆ ಹುಡುಗನ ಮೇಲೆ ಸ್ವಲ್ಪ ಸಿಟ್ಟು ಬಂತು.

1922ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಈ ಪುಟ್ಟ ಕಾದಂಬರಿಗೂ ನಮಗೂ ಒಂದು ನಂಟಿದೆ. ಹೆಸ್ಸೆಯ ತಂದೆ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಮಂಗಳೂರಿನಲ್ಲಿದ್ದವರು. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಮಗ 1911ರಲ್ಲಿ ಸಿಲೋನ್, ಸುಮಾತ್ರಾದವರೆಗೆ ಬಂದರೂ ಅಪ್ಪ ಅಮ್ಮನ ಆ ಊರುಗಳನ್ನು ನೋಡದೆಯೇ ಹಿಂತಿರುಗಿದ.

ಕಥೆ ಹಲವರಿಗೆ ಗೊತ್ತು. ಬ್ರಾಹ್ಮಣರ ಮನೆಯ ಹುಡುಗ ಮನೆ ಬಿಡುತ್ತಾನೆ, ಶ್ರಮಣರ ಜೊತೆ ಉಪವಾಸ ಕಲಿಯುತ್ತಾನೆ, ಬುದ್ಧನನ್ನು ಕಂಡರೂ ಅವನ ಸಂಘ ಸೇರುವುದಿಲ್ಲ. ಕಾಮಸ್ವಾಮಿ ಎಂಬ ವರ್ತಕನ ಬಳಿ ಸೇರಿ ವರ್ಷಗಟ್ಟಲೆ ಲಾಭನಷ್ಟದಲ್ಲಿ ಮುಳುಗುತ್ತಾನೆ. (ಇಲ್ಲಿ ನನ್ನ ಅಪ್ರೈಸಲ್ ಫಾರ್ಮು ನೆನಪಾಯಿತು.) ಕೊನೆಗೆ ವಾಸುದೇವನೆಂಬ ಅಂಬಿಗನ ಜೊತೆ ದೋಣಿ ನಡೆಸುತ್ತ, ನದಿಗೆ ನಿನ್ನೆ ನಾಳೆಗಳಿಲ್ಲ, ಹುಟ್ಟುವಲ್ಲೂ ಕಡಲು ಸೇರುವಲ್ಲೂ ಅದು ಒಂದೇ ಹೊತ್ತಿಗೆ ಇದೆ ಎಂದು ತಿಳಿಯುತ್ತಾನೆ.

ಈ ಕ್ಷಣದಲ್ಲಿ ಬದುಕಿ ಎಂದು ಕಣ್ಣು ಮುಚ್ಚಿಸಿ ಹೇಳಿಕೊಡುವ ತರಬೇತಿಗಳಲ್ಲಿ ನಾನೂ ಕೂತಿದ್ದೇನೆ. ಮುಗಿದ ಕೂಡಲೇ ಮುಂದಿನ ಮೂರು ತಿಂಗಳ ಪ್ಲಾನ್ ತೆರೆಯುವುದು ನನ್ನ ಕೆಲಸ. ಅದರಲ್ಲಿ ನನಗೆ ನಾಚಿಕೆಯಿಲ್ಲ. ಮಾಸ್ತರಾಗಿದ್ದ ಅಪ್ಪ ನಾಳೆಗೆಂದು ಸಂಬಳದಲ್ಲಿ ಎತ್ತಿಡದಿದ್ದರೆ ನಾನು ಹಾವೇರಿ ದಾಟುತ್ತಿರಲಿಲ್ಲ.

ಪೂರ್ತಿ ಈ ಕ್ಷಣದಲ್ಲೇ ಬದುಕುವ ಒಬ್ಬರು ನಮ್ಮ ಮನೆಯಲ್ಲಿದ್ದಾರೆ. ನನ್ನ ಅವ್ವ. ಎರಡು ವರ್ಷದಿಂದ ಮರೆವಿನ ಕಾಯಿಲೆ. ಸಂಜೆಯಾದರೆ ಬಾಲ್ಕನಿಯಲ್ಲಿ ನಿಂತು ಪನವೇಲ್ ಲೋಕಲ್ಲುಗಳನ್ನು ನೋಡುತ್ತ ಕೇಳುತ್ತಾಳೆ: “ನಿಮ್ಮಪ್ಪಾರು ಇನ್ನೂ ಬರ್ಲಿಲ್ಲೇನೋ?”

ಅಪ್ಪ ತೀರಿಕೊಂಡು ಆರು ವರ್ಷ. ಮೊದಮೊದಲು ನಿಜ ಹೇಳಿದೆ. ಅವಳ ಪಾಲಿಗೆ ಅದು ಆಗಷ್ಟೇ ಬಂದ ಸುದ್ದಿ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮರುದಿನ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಅಳು. ನಿನ್ನೆಯನ್ನು ಮರೆತರೆ ನೆಮ್ಮದಿ ಎನ್ನುವವರು ಆ ಮುಖ ನೋಡಬೇಕಿತ್ತು. ನಾಲ್ಕನೆಯ ದಿನ, “ಬರ್ತಾರ ಬೇ, ಟ್ರೇನ್ ತಡ ಆಗೇತಿ” ಎಂದುಬಿಟ್ಟೆ. ಸುಮ್ಮನೆ ಬಂದು ಕೂತು ಚಹಾ ಕುಡಿದಳು.

ಸುಳ್ಳು ಹೇಳಿದ್ದಕ್ಕೆ ಒಮ್ಮೆ ಕಿವಿ ಹಿಂಡಿದವಳಿಗೇ ದಿನಾ ಸುಳ್ಳು. ಹೆಂಡತಿ ಸರಿ ಎಂದಳು. ಊರಲ್ಲಿರುವ ಅಕ್ಕ ಮಾತ್ರ ಫೋನಿನಲ್ಲಿ, “ಸತ್ತವರನ್ನ ದಿನಾ ಕಾಯೋ ಹಂಗ ಮಾಡೂದು ಪಾಪ ಅಲ್ಲೇನೋ?” ಎಂದಳು. ಅವಳ ಮಾತನ್ನು ತಳ್ಳಿಹಾಕಲು ಇವತ್ತಿಗೂ ಆಗಿಲ್ಲ.

ಹಾಸ್ಟೆಲಿನಲ್ಲಿ ಓದಿದಾಗ ನಾನು ಗೆರೆ ಎಳೆಯದೆ ದಾಟಿದ ಭಾಗ ಸಿದ್ಧಾರ್ಥನ ಮಗನದು. ಕಾಲವೇ ಇಲ್ಲ ಎಂದು ಕಲಿತ ಮೇಲೂ, ಓಡಿಹೋದ ಮಗನನ್ನು ಹುಡುಕಿಕೊಂಡು ಅವನು ಪಟ್ಟಣದವರೆಗೆ ಓಡುತ್ತಾನೆ. ಆ ಗಾಯ ಬಹಳ ದಿನ ಆರುವುದಿಲ್ಲ. ಒಮ್ಮೆ ನೀರಿಗೆ ಬಗ್ಗಿದಾಗ ತನ್ನ ಮುಖದಲ್ಲಿ, ತಾನು ಬಿಟ್ಟುಬಂದ ಅಪ್ಪನ ಮುಖ ಕಾಣುತ್ತದೆ. ಹೆಸ್ಸೆ ಹೇಳುವ ವರ್ತಮಾನದಲ್ಲಿ ನಿನ್ನೆ ಅಳಿಸಿಹೋಗಿಲ್ಲ, ನೋವಿನ ಸಮೇತ ಅಲ್ಲೇ ಕೂತಿದೆ. ವಾಸುದೇವ ಅದಕ್ಕೆ ಔಷಧಿ ಕೊಡುವುದಿಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾನೆ.

ನಾನಾದರೋ ನಿಜವನ್ನೂ ಸುಳ್ಳನ್ನೂ ಹೇಳಿದ್ದು ಅವ್ವನನ್ನು ಬೇಗ ಸುಮ್ಮನಾಗಿಸಿ ಏಳೂವರೆಯ ಕಾಲ್‌ಗೆ ಕೂರಲು. ಇದು ಹೊಳೆದ ಮೇಲೆ ಕಾಲ್ ಎಂಟಕ್ಕೆ ಸರಿಸಿದೆ. ಈಗ, “ಅಪ್ಪಗ ಇವತ್ತ ಏನ್ ಮಾಡಿ ಹಾಕ್ಬೇಕಂತಿ ಬೇ?” ಎಂದು ಕೇಳುತ್ತೇನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಅವರಿಗೆ ಖಾರ ಜಾಸ್ತಿ ಬೇಕು ಎಂದು ಶುರುವಾಗುತ್ತದೆ. ಅಪ್ಪ ಒಮ್ಮೆ ಸಂಬಳದ ಕವರು ಬಸ್ಸಿನಲ್ಲಿ ಕಳೆದುಕೊಂಡದ್ದು ನನಗೆ ಗೊತ್ತಾಗಿದ್ದೇ ಹೀಗೆ.

ಕೆಲವು ದಿನ ಅಷ್ಟು ಸಾಕಾಗುತ್ತದೆ. ಕೆಲವು ದಿನ ಅವಳು ನನ್ನ ಕೈ ಹಿಡಿದು, “ಅದೆಲ್ಲಾ ಇರ್ಲಿ, ಅವರು ಎಲ್ಲದಾರ ಹೇಳು” ಎನ್ನುತ್ತಾಳೆ. ಆಗ ಟ್ರೇನ್ ಮತ್ತೆ ತಡವಾಗುತ್ತದೆ.