ರುಚಿ ಹೋದ ಪೂಜೆಯನ್ನು ಬಿಟ್ಟುಬಿಡಬೇಕೇ?

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ದಿನವೂ ದೇವರ ಪೂಜೆ ಮಾಡಿ ವಿಷ್ಣುಸಹಸ್ರನಾಮ ಹೇಳುತ್ತಿದ್ದೇನೆ. ಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಬಾಯಿ ಹೇಳುತ್ತೆ, ಮನಸ್ಸು ಒಲೆ ಮೇಲಿನ ಹಾಲಿನ ಕಡೆ ಇರುತ್ತೆ. ಬಿಡೋಣ ಅಂದ್ರೆ ಭಯ, ಮಾಡೋಣ ಅಂದ್ರೆ ನಾಟಕ ಅನ್ನಿಸುತ್ತೆ. ಏನು ಮಾಡಲಿ?
— ಓರ್ವ ಗೃಹಿಣಿ, ಹಾಸನ

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಬೇರೆಬೇರೆಯಾಗಿ ನೋಡೋಣ.

ಮೊದಲನೆಯದು ಭಯ. ಶಾಸ್ತ್ರದಲ್ಲಿ ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಂಗಡಿಸಿದ್ದಾರೆ. ಫಲ ಬೇಡಿ, ಸಂಕಲ್ಪ ಮಾಡಿ ಹಿಡಿದ ವ್ರತವನ್ನು ನಡುವೆ ಕೈಬಿಡದೆ ಉದ್ಯಾಪನೆ ಮಾಡಿ ಮುಗಿಸುವುದು ಪದ್ಧತಿ. ಅನಂತನ ವ್ರತವನ್ನು 14 ವರ್ಷ ಮಾಡಿ ಉದ್ಯಾಪನೆ ಮಾಡುತ್ತಾರಲ್ಲ, ಹಾಗೆ. ನಿಮ್ಮದು ನಿತ್ಯಪೂಜೆ. ಇದರಲ್ಲಿ ಶಕ್ತಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಲು ಅವಕಾಶವುಂಟು. ಷೋಡಶೋಪಚಾರ ಆಗದಿದ್ದರೆ ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ ಎಂಬ ಪಂಚೋಪಚಾರ ಸಾಕು. ಕಡಿಮೆ ಮಾಡಿದರೆ ದೇವರು ಮುನಿದು ಕೇಡು ಮಾಡುತ್ತಾನೆ ಎಂಬ ಭಯ ಬೇಡ. ಹಾಗೆ ಲೆಕ್ಕ ಇಡುವವನು ಸಾಲ ಕೊಟ್ಟವನು, ದೇವರಲ್ಲ.

ಎರಡನೆಯದು ನಾಟಕ. ಶ್ರದ್ಧೆಯಿಲ್ಲದೆ ಮಾಡಿದ ಹೋಮ, ದಾನ, ತಪಸ್ಸುಗಳು ಅಸತ್ತು ಎಂಬ ಮಾತು ಗೀತೆಯ 17ನೇ ಅಧ್ಯಾಯದ ಕೊನೆಯಲ್ಲಿದೆ. ಅದನ್ನು ಓದಿ ಹೆದರಬೇಡಿ. ರುಚಿ ಬೇರೆ, ಶ್ರದ್ಧೆ ಬೇರೆ. ಜ್ವರ ಬಂದ ಮಗುವಿನ ಪಕ್ಕ ರಾತ್ರಿಯೆಲ್ಲ ಕೂರುವ ತಾಯಿಗೆ ಆಗ ಸಂತೋಷವೇನೂ ಇರುವುದಿಲ್ಲ. ಅದನ್ನು ನಾಟಕ ಅನ್ನುತ್ತೇವೆಯೇ? ನಾಟಕವಾಗುವುದು ನೋಡುವವರಿಗಾಗಿ ಮಾಡಿದಾಗ. ಆದ್ದರಿಂದ ನಿಮ್ಮನ್ನೇ ಕೇಳಿಕೊಳ್ಳಿ: ಮನೆಯಲ್ಲಿ ಯಾರೂ ಇಲ್ಲದ ದಿನವೂ ದೀಪ ಹಚ್ಚುತ್ತೀರಾ? ಹೌದಾದರೆ ಶ್ರದ್ಧೆ ಹೋಗಿಲ್ಲ. ಇಲ್ಲವೆಂದಾದರೆ, ಹೆಸರಿಗೆ ಮಾಡುವ ಅಷ್ಟುದ್ದದ ಪೂಜೆಗಿಂತ ಮನಸ್ಸಿಟ್ಟ ಒಂದು ನಮಸ್ಕಾರ ಮೇಲು. ಅಲ್ಲಿಂದಲೇ ಶುರು ಮಾಡಿ.

ಇನ್ನೊಂದು ಮಾತು. ಪತಂಜಲಿಗಳು ಯೋಗಸೂತ್ರದಲ್ಲಿ ಸಾಧಕನಿಗೆ ಬರುವ 9 ಅಡ್ಡಿಗಳನ್ನು ಹೇಳುವಾಗ ವ್ಯಾಧಿಯನ್ನು ಮೊದಲು ಇಟ್ಟು, ಮನಸ್ಸಿನ ಜಡತನವನ್ನು ಅದರ ನಂತರ ಹೇಳಿದ್ದಾರೆ. ಪೂಜೆಯೊಂದೇ ಅಲ್ಲ, ಊಟ, ನಿದ್ದೆ, ನಾಲ್ಕು ಜನರ ಮಾತು ಯಾವುದೂ ಬೇಡ ಅನ್ನಿಸುತ್ತಿದ್ದರೆ ಅದು ಭಕ್ತಿಯ ಕೊರತೆಯಲ್ಲ. ಮೊದಲು ಡಾಕ್ಟರಿಗೆ ತೋರಿಸಿ.

ಸದ್ಯಕ್ಕೆ ಒಂದು ಮಂಡಲ, ಅಂದರೆ 48 ದಿನ, ಹೀಗೆ ಮಾಡಿ ನೋಡಿ. ಪಂಚೋಪಚಾರ ಪೂಜೆ, ಸಹಸ್ರನಾಮದಲ್ಲಿ ದಿನಕ್ಕೊಂದೇ ಶ್ಲೋಕ, ಅರ್ಥ ತಿಳಿದು, ನಿಧಾನವಾಗಿ. ಹಾಲನ್ನು ಒಲೆಯಿಂದ ಇಳಿಸಿಯೇ ಕೂತುಕೊಳ್ಳಿ. ಹಳೆಯ ಕಣ್ಣೀರು ಮತ್ತೆ ಬರಲೇಬೇಕೆಂದು ಕಾಯಬೇಡಿ. ಮಂಡಲ ಮುಗಿದ ಮೇಲೆ ಪೂರ್ಣ ಪಾರಾಯಣಕ್ಕೆ ಮರಳುವುದೋ, ಇಷ್ಟರಲ್ಲೇ ಇರುವುದೋ ನೀವೇ ನಿರ್ಧರಿಸಿ. ಎರಡರಲ್ಲೂ ದೋಷವಿಲ್ಲ.